ಕಡಲ ದಂಡೆಯಲ್ಲಿ ಕಲ್ಲು ಹುಡುಕುವ ಪ್ರವಾಸ: ಯೋಜನೆಯಿಂದ ಮನೆಗೆ ಮರಳುವ ತನಕ

ಫೆಬ್ರುವರಿಯ ಒಂದು ಬೆಳಿಗ್ಗೆ ಮೊಣಕಾಲೂರಿದಲ್ಲೆಲ್ಲ ಅಗೇಟ್ ಎಂಬ ಚೆಂದದ ಪಟ್ಟೆಗಲ್ಲು ಸಿಕ್ಕಿದ ದಂಡೆಗೆ ಆಗಸ್ಟಿನಲ್ಲಿ ಹೋದರೆ ಆಳೆತ್ತರದ ಮರಳು ಬಿಟ್ಟರೆ ಬೇರೇನೂ ಕಾಣದೇ ಇರಬಹುದು. ಕಲ್ಲು ಎಲ್ಲಿಗೂ ಹೋಗಿಲ್ಲ, ಮರಳಿನ ಅಡಿಯಲ್ಲಿದೆ. ಬೆಟ್ಟದಲ್ಲೋ ಹೊಳೆಯಲ್ಲೋ ಕಲ್ಲು ಹುಡುಕುವವರು ಜಾಗ ಗೊತ್ತಿದ್ದರೆ ಸಾಕು ಅಂದುಕೊಳ್ಳುತ್ತಾರೆ. ಕಡಲ ದಂಡೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಜಾಗದಷ್ಟೇ, ಹಲವು ಸಲ ಜಾಗಕ್ಕಿಂತಲೂ ಹೆಚ್ಚಾಗಿ, ಹೊತ್ತು ಮುಖ್ಯ. ಆದ್ದರಿಂದ ರಜೆ ಗೊತ್ತುಮಾಡಿಕೊಂಡು ಆಮೇಲೆ ಉಬ್ಬರವಿಳಿತದ ಪಟ್ಟಿ ನೋಡಬೇಡಿ. ಪಟ್ಟಿ ನೋಡಿ ರಜೆ ಹಾಕಿ.

1. ಯಾವ ಕಲ್ಲು ಬೇಕು? ಅದರ ತಾಯಿಬಂಡೆ ಎಲ್ಲಿದೆ?

ದಂಡೆಯ ಪ್ರತಿ ಕಲ್ಲೂ ಎಲ್ಲಿಂದಲೋ ಬಂದದ್ದು: ಹಿಂದೆ ಗೋಡೆಯಂತೆ ಕಡಿದಾಗಿ ನಿಂತ ಕಡಿಬಂಡೆಯಿಂದ, ಅಳಿವೆಯಲ್ಲಿ ಸೇರುವ ನದಿಯಿಂದ, ಇಲ್ಲವೇ ಕಡಲ ತಳದಿಂದ. ಆಯಾ ದೇಶದ ಭೂವೈಜ್ಞಾನಿಕ ಸಮೀಕ್ಷೆ ಪ್ರಕಟಿಸುವ ನಕ್ಷೆ ತೆಗೆದು, ದಂಡೆಯ ಹಿಂದಿರುವ ಶಿಲೆ ಯಾವುದು, ಒಳನಾಡಿನಿಂದ ಬರುವ ಹೊಳೆ ಯಾವ ಶಿಲೆಯನ್ನು ಕೊರೆದುಕೊಂಡು ಬರುತ್ತದೆ ಎಂಬುದನ್ನು ಮೊದಲು ನೋಡಿ.

ಲಾವಾ ಆರುವಾಗ ಅನಿಲದ ಗುಳ್ಳೆಗಳು ಬಿಟ್ಟುಹೋದ ಪೊಳ್ಳುಗಳಲ್ಲಿ ಸಿಲಿಕಾ ಕರಗಿದ ನೀರು ಪದರ ಪದರವಾಗಿ ಗಟ್ಟಿಯಾದರೆ ಅಗೇಟ್. ಹಾಗಾಗಿ ಅಗೇಟ್ ಬೇಕಾದವರು ತೂತುತೂತಾದ ಹಳೆಯ ಬಸಾಲ್ಟ್ (ಲಾವಾ ಆರಿ ಆದ ಕಪ್ಪು ಶಿಲೆ) ಇರುವ ತೀರ ಹುಡುಕಬೇಕು. ಅಮೆರಿಕದ ಆರೆಗಾನ್ ತೀರ, ಕೆನಡಾದ ಫಂಡಿ ಕೊಲ್ಲಿಯ ನೋವಾ ಸ್ಕೋಷಿಯಾ ದಂಡೆ ಇಂಥವು. ಸೀಮೆಸುಣ್ಣದ ಬಿಳಿ ಕಡಿಬಂಡೆಯ ಕೆಳಗೆ ಚಕಮಕಿ ಕಲ್ಲು ಸಿಗುತ್ತದೆ. ಕಪ್ಪು ಜೇಡಿಶಿಲೆಯ ಕಡಿಬಂಡೆಯಿಂದ ಅಮೋನೈಟ್‌ನಂಥ (ಸುರುಳಿ ಚಿಪ್ಪಿನ, ಅಳಿದುಹೋದ ಕಡಲಜೀವಿ) ಪಳೆಯುಳಿಕೆ ಉದುರುತ್ತದೆ. ಇಂಗ್ಲೆಂಡಿನ ಲೈಮ್ ರೀಜಿಸ್, ಚಾರ್ಮತ್ ಪ್ರಸಿದ್ಧವಾದದ್ದು ಇದರಿಂದಲೇ. ಹಸಿರು ಛಾಯೆಯ ಸರ್ಪೆಂಟೈನ್ ಶಿಲೆಯ ಪಕ್ಕ ನೆಫ್ರೈಟ್ ಜೇಡ್ ಎಂಬ ಒಡವೆಕಲ್ಲು ಇರುವ ಸಾಧ್ಯತೆ ಉಂಟು. ಕ್ಯಾಲಿಫೋರ್ನಿಯಾದ ಬಿಗ್ ಸರ್ ಇದಕ್ಕೆ ಉದಾಹರಣೆ. ಅಂಬರ್ ಮಾತ್ರ ಬೇರೆ ಜಾತಿ: ಅದು ಕಲ್ಲಲ್ಲ, ಬಹಳ ಹಿಂದಿನ ಮರದ ಅಂಟು ಗಟ್ಟಿಯಾದದ್ದು. ಬಾಲ್ಟಿಕ್ ಕಡಲಿನ ತಳದಿಂದ ಬಿರುಗಾಳಿಗೆ ಎದ್ದು ಕಡಲ ಜೊಂಡಿನ (ಪಾಚಿಯ) ಜೊತೆ ದಡಕ್ಕೆ ಬೀಳುತ್ತದೆ.

ಒಂದು ಪ್ರವಾಸಕ್ಕೆ ಒಂದೇ ಮುಖ್ಯ ಗುರಿ ಇಟ್ಟುಕೊಳ್ಳುವುದು ಒಳ್ಳೆಯದು. ಎಲ್ಲ ಬೇಕು ಎಂದು ಹೊರಟವರ ಬಕೆಟ್ಟಿನಲ್ಲಿ ಚೆಂದದ ಮಾಮೂಲಿ ಕಲ್ಲುಗಳೇ ತುಂಬಿರುತ್ತವೆ.

2. ಒಯ್ಯಲು ಅನುಮತಿ ಇದೆಯೇ?

ಟಿಕೆಟ್ಟಿಗೆ ಮುಂಚೆ ಈ ಕೆಲಸ. ನಿಯಮ ಒಂದೊಂದು ಕಡೆ ಒಂದೊಂದು ಥರ, ಪಕ್ಕಪಕ್ಕದ ಎರಡು ದಂಡೆಗಳಲ್ಲೂ ಬೇರೆ ಇರಬಹುದು. ಆರೆಗಾನ್‌ನ ಕಡಲತೀರದಲ್ಲಿ ಸ್ವಂತಕ್ಕಾಗಿ ಒಬ್ಬರು ದಿನಕ್ಕೆ 1 ಗ್ಯಾಲನ್, ಅಂದರೆ ಸುಮಾರು 3.8 ಲೀಟರ್, ವರ್ಷಕ್ಕೆ 3 ಗ್ಯಾಲನ್ ಅಗೇಟಿನಂಥ ಕಲ್ಲು ತೆಗೆದುಕೊಳ್ಳಬಹುದು. ಅದೇ ಅಮೆರಿಕದ ಬಹುತೇಕ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದು ಹರಳನ್ನೂ ಒಯ್ಯುವಂತಿಲ್ಲ. ನೋವಾ ಸ್ಕೋಷಿಯಾದಲ್ಲಿ ಪಳೆಯುಳಿಕೆಗೆ ಕಾನೂನಿನ ರಕ್ಷಣೆಯಿದ್ದು, ಪರವಾನಗಿ ಇಲ್ಲದೆ ಸಂಗ್ರಹಿಸುವಂತಿಲ್ಲ. ಇಟಲಿಯ ಸಾರ್ಡಿನಿಯಾದಲ್ಲಿ 2017ರಿಂದ ಮರಳು, ಕಲ್ಲು, ಚಿಪ್ಪು ಒಯ್ದವರಿಗೆ 500ರಿಂದ 3,000 ಯೂರೋ ದಂಡವಿದೆ. ಇಂಗ್ಲೆಂಡಿನ ಡಾರ್ಸೆಟ್ ಮತ್ತು ಪೂರ್ವ ಡೆವನ್‌ನ 155 ಕಿಲೋಮೀಟರ್ ಉದ್ದದ ಜುರಾಸಿಕ್ ತೀರ 2001ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿ ಲೈಮ್ ರೀಜಿಸ್, ಚಾರ್ಮತ್ ಕಡೆ ಉದುರಿಬಿದ್ದ ಪಳೆಯುಳಿಕೆ ಆಯ್ದುಕೊಳ್ಳಬಹುದು, ಕಡಿಬಂಡೆಯನ್ನು ಅಗೆಯುವ ಹಾಗಿಲ್ಲ.

ಕೇಳಬೇಕಾದ ಪ್ರಶ್ನೆಗಳು ನಾಲ್ಕು. ದಂಡೆ ಯಾರ ಸ್ವತ್ತು? ಕಲ್ಲು, ಪಳೆಯುಳಿಕೆ ಎರಡಕ್ಕೂ ಒಂದೇ ನಿಯಮವೇ? ಎಷ್ಟು ಒಯ್ಯಬಹುದು, ಯಾವ ಉಪಕರಣ ಬಳಸಬಹುದು? ಬೇರೆ ದೇಶದವರಾದರೆ ಗಡಿ ದಾಟಿಸಬಹುದೇ? ಉತ್ತರವನ್ನು ಅಲ್ಲಿನ ಉದ್ಯಾನ ಇಲಾಖೆಯಿಂದಲೋ ಸ್ಥಳೀಯ ಆಡಳಿತದಿಂದಲೋ ಬರಹದಲ್ಲಿ ಪಡೆದು ಫೋನಿನಲ್ಲಿ ಉಳಿಸಿಕೊಳ್ಳಿ. "ಎಲ್ಲರೂ ಒಯ್ಯುತ್ತಾರೆ" ಎಂಬ ಮಾತು ದಂಡದ ರಸೀದಿಯ ಮುಂದೆ ನಿಲ್ಲುವುದಿಲ್ಲ.

3. ದಿನಾಂಕ ಆರಿಸುವುದು

ಇಡೀ ಯೋಜನೆಯ ಬೆನ್ನೆಲುಬು ಇದು. ಮೂರು ಸಂಗತಿಗಳು ಕೂಡಿಬರಬೇಕು: ಇಳಿತ, ಮರಳು, ಬೆಳಕು.

*ಇಳಿತ.* ಹೆಚ್ಚಿನ ತೀರಗಳಲ್ಲಿ ಸುಮಾರು 24 ಗಂಟೆ 50 ನಿಮಿಷಕ್ಕೆ ಎರಡು ಉಬ್ಬರ, ಎರಡು ಇಳಿತ. ಆದ್ದರಿಂದ ಇಂದು ಬೆಳಿಗ್ಗೆ 9ಕ್ಕೆ ಇಳಿತವಿದ್ದರೆ ನಾಳೆ 9:50ರ ಆಸುಪಾಸು. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ನೀರು ಅತಿ ಹೆಚ್ಚು ಹಿಂದೆ ಸರಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಅತಿ ಕಡಿಮೆ. ನಿಮ್ಮ ದಿನಗಳನ್ನು ಅಮಾವಾಸ್ಯೆಯ ಅಥವಾ ಹುಣ್ಣಿಮೆಯ ಹಿಂದಿನ ದಿನದಿಂದ ಮುಂದಿನ ನಾಲ್ಕು ದಿನಗಳೊಳಗೆ ಕೂರಿಸಿ. ದಿನಕ್ಕೆರಡು ಸಮಸಮ ಉಬ್ಬರ ಬರುವ ಕಡೆ ಇನ್ನೊಂದು ಅನುಕೂಲವಿದೆ: ಒಂದು ಜಾಗದಲ್ಲಿ ಈ ದೊಡ್ಡ ಇಳಿತ ಪ್ರತಿ ಪಕ್ಷದಲ್ಲೂ ಗಡಿಯಾರದ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಒಮ್ಮೆ ತಿಳಿದುಕೊಂಡರೆ ವರ್ಷವಿಡೀ ಲೆಕ್ಕಕ್ಕೆ ಸಿಗುತ್ತದೆ.

*ಮರಳು.* ಆರೆಗಾನ್‌ನಂಥ ಉತ್ತರದ ತಂಪು ತೀರಗಳಲ್ಲಿ ಚಳಿಗಾಲದ ಕಡಿದಾದ, ಒತ್ತೊತ್ತಾದ ಅಲೆಗಳು ದಂಡೆಯ ಮರಳನ್ನು ಕಿತ್ತು ಆಚೆಗೆ ಒಯ್ಯುತ್ತವೆ. ಕೆಳಗಿನ ಗರಸುಗಲ್ಲಿನ ಹಾಸು ಹೊರಬೀಳುತ್ತದೆ. ಬೇಸಿಗೆಯ ಮೆದು ಅಲೆಗಳು ಅದೇ ಮರಳನ್ನು ತಿರುಗಿ ತಂದು ಮುಚ್ಚುತ್ತವೆ. ಬಿರುಗಾಳಿ ನಿಂತ ಮರುದಿನದಿಂದ ಮೂರ್ನಾಲ್ಕು ದಿನ ಎಲ್ಲಕ್ಕಿಂತ ಒಳ್ಳೆಯ ಹೊತ್ತು. ಬಿರುಗಾಳಿಯ ದಿನವೇ ಹೋಗುವುದು ಮೂರ್ಖತನ.

*ಬೆಳಕು.* ಇಲ್ಲಿ ತೊಡಕು ಹುಟ್ಟುತ್ತದೆ. ಆರೆಗಾನ್‌ನಂಥ ಕಡೆ ದಿನದ ಎರಡು ಇಳಿತಗಳು ಸಮನಾಗಿರುವುದಿಲ್ಲ, ಒಂದು ಆಳ, ಇನ್ನೊಂದು ಮೇಲು. ಆಳವಾದ ಇಳಿತ ಬೇಸಿಗೆಯಲ್ಲಿ ಬೆಳಿಗ್ಗೆ, ಚಳಿಗಾಲದಲ್ಲಿ ಸಂಜೆಗತ್ತಲಲ್ಲಿ. ಮರಳು ಸರಿದಿರುವಾಗ ಬೆಳಕಿಲ್ಲ, ಬೆಳಕಿರುವಾಗ ಮರಳು ಮುಚ್ಚಿದೆ. ರಾಜಿ ಸಿಗುವುದು ಚಳಿಗಾಲದ ಕೊನೆ, ವಸಂತದ ಆರಂಭದಲ್ಲಿ: ಮರಳು ಇನ್ನೂ ಪೂರ್ತಿ ತಿರುಗಿ ಬಂದಿರುವುದಿಲ್ಲ, ಇಳಿತ ಹಗಲಿನ ಕಡೆಗೆ ಜಾರತೊಡಗಿರುತ್ತದೆ. ಯಾವ ತೀರಕ್ಕೇ ಹೋಗಿ, ತಿಂಗಳ ಇಳಿತದ ಪಟ್ಟಿಯ ಪಕ್ಕದಲ್ಲಿ ಸೂರ್ಯೋದಯ, ಸೂರ್ಯಾಸ್ತದ ಹೊತ್ತು ಬರೆದುಕೊಂಡು, ಬೆಳಕಿಲ್ಲದ ಇಳಿತಗಳನ್ನು ಹೊಡೆದುಹಾಕಿ. ಉಳಿದವುಗಳಲ್ಲಿ ಆರಿಸಿ.

ಬಾಲ್ಟಿಕ್, ಮೆಡಿಟರೇನಿಯನ್ ಕಡಲುಗಳಲ್ಲಿ ಉಬ್ಬರವಿಳಿತ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಪಟ್ಟಿ ಬದಿಗಿಟ್ಟು ಗಾಳಿ ನೋಡಬೇಕು: ಕಡಲಿನಿಂದ ದಡಕ್ಕೆ ಬಲವಾಗಿ ಬೀಸಿ ನಿಂತ ಮೇಲಿನ ಬೆಳಗು ಅಂಬರಿನ ಬೆಳಗು. ಇದಕ್ಕೆ ತದ್ವಿರುದ್ಧ ಫಂಡಿ ಕೊಲ್ಲಿ. ಅದರ ಒಳತುದಿಯಲ್ಲಿ ನೀರು 16 ಮೀಟರಿನವರೆಗೆ ಏರಿಳಿಯುತ್ತದೆ, ಅಲ್ಲಿ ಗಡಿಯಾರ ತಪ್ಪಿದರೆ ಜೀವಕ್ಕೇ ಕುತ್ತು.

ಪಟ್ಟಿ ಓದುವಾಗ ಆಗುವ ತಪ್ಪುಗಳು ಮೂರು. ಪಟ್ಟಿಯ ಬಂದರು ನಿಮ್ಮ ದಂಡೆಯಿಂದ ದೂರವಿದ್ದರೆ ಹೊತ್ತು ಬೇರೆಯಾಗುತ್ತದೆ, ಅದಕ್ಕೆ ಕೊಟ್ಟ ತಿದ್ದುಪಡಿ ಕೂಡಿಸಬೇಕು. ಹಲವು ದೇಶಗಳಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಕೆಲವು ಪಟ್ಟಿಗಳು ಅದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಒಂದು ಗಂಟೆ ತಪ್ಪುವುದು ಅಲ್ಲೇ. ಮೂರನೆಯದು, ಪಟ್ಟಿ ಸೂರ್ಯಚಂದ್ರರನ್ನು ಬಲ್ಲದು, ಹವಾಮಾನವನ್ನಲ್ಲ. ವಾಯುಭಾರ 1 ಹೆಕ್ಟೋಪ್ಯಾಸ್ಕಲ್ ಇಳಿದರೆ ಕಡಲು ಸುಮಾರು 1 ಸೆಂಟಿಮೀಟರ್ ಏರುತ್ತದೆ. ಸಾಮಾನ್ಯ 1013 ಇದ್ದದ್ದು 983ಕ್ಕೆ ಬಂದರೆ ಪಟ್ಟಿಗಿಂತ 30 ಸೆಂಟಿಮೀಟರ್ ಹೆಚ್ಚು ನೀರು, ದಡದತ್ತ ಗಾಳಿ ಬೀಸುತ್ತಿದ್ದರೆ ಅದರ ಮೇಲೆ ಇನ್ನಷ್ಟು.

ಮೂರು ದಿನಗಳ ಪ್ರವಾಸವಾದರೆ ಮೊದಲ ದಿನ ದಾರಿ, ದಂಡೆ, ಹಿಂತಿರುಗುವ ಜಾಗಗಳನ್ನು ನೋಡಿಕೊಳ್ಳಲು ಇಡಿ. ಎರಡನೆಯದು ಮುಖ್ಯ ದಿನ. ಮೂರನೆಯದು ಹವಾಮಾನ ಕೈಕೊಟ್ಟರೆ ಎಂದು ಖಾಲಿ.

4. ದಿನದ ಗಡಿಯಾರ

ಇಳಿತ 10:40ಕ್ಕೆ ಎಂದುಕೊಳ್ಳಿ. 8:30ಕ್ಕೆ ದಂಡೆಗೆ ಇಳಿಯಿರಿ. ಸರಿಯುವ ನೀರಿನ ಬೆನ್ನಿಗೆ ಮುಂದೆ ಹೋಗಿ, ಅತಿ ದೂರದ ಬಿಂದುವಿನಲ್ಲಿ 10:40ಕ್ಕೆ ಇರಿ, ಅಲ್ಲಿಂದ ತಿರುಗಿ. ದಾರಿಯಲ್ಲಿ ಭೂಶಿರದ ಬುಡದ ಇಕ್ಕಟ್ಟು ಇದ್ದರೆ 11:30ರೊಳಗೆ ಅದನ್ನು ದಾಟಿರಬೇಕು.

ಅಷ್ಟು ಅವಸರವೇಕೆ? ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆ ಚಿಲ್ಲರೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಆಮೇಲೆ ಎರಡು, ಮೂರು, ಮೂರು, ಎರಡು, ಒಂದು. ಏರಿಕೆ 4 ಮೀಟರಾದರೆ ಮೊದಲ ಗಂಟೆಯಲ್ಲಿ ಬರೀ 33 ಸೆಂಟಿಮೀಟರ್, ಮೂರನೆಯ ಗಂಟೆಯಲ್ಲಿ ಒಂದು ಪೂರ್ತಿ ಮೀಟರ್. 50 ಮೀಟರಿಗೆ 1 ಮೀಟರ್ ಇಳಿಜಾರಿರುವ ದಂಡೆಯಲ್ಲಿ ಆ ಒಂದು ಗಂಟೆಗೆ ನೀರಿನ ಅಂಚು 50 ಮೀಟರ್ ಒಳಗೆ ಬಂದಿರುತ್ತದೆ. ಮೊದಲ ಗಂಟೆಯ ನಿಧಾನ ನೋಡಿ "ಇನ್ನೂ ಹೊತ್ತಿದೆ" ಎಂದು ಕೂತವರೇ ಸಿಕ್ಕಿಹಾಕಿಕೊಳ್ಳುವುದು. ಫೋನಿನಲ್ಲಿ ಎರಡು ಅಲಾರಂ ಇಡಿ: ಒಂದು ಇಳಿತದ ಹೊತ್ತಿಗೆ, ಇನ್ನೊಂದು ಅದಾಗಿ 30 ನಿಮಿಷಕ್ಕೆ.

5. ಚೀಲದಲ್ಲಿ ಏನೇನು

ದಂಡೆಯ ಕೆಲಸಕ್ಕೆ ಸುತ್ತಿಗೆಗಿಂತ ಕಣ್ಣು ಹೆಚ್ಚು ಬೇಕು. ಮೊದಲ ಬಾರಿ ಹೋಗುವವರು ಉಪಕರಣ ಹೊತ್ತುಕೊಂಡು ಹೋಗಿ, ವಾಪಸ್ಸು ಬರುವಾಗ ಕಲ್ಲು ಹೊರಲಾರದೆ ಒದ್ದಾಡುತ್ತಾರೆ.

- 5 ಲೀಟರಿನ ಬಕೆಟ್ ಅಥವಾ ಬಲೆಚೀಲ. ಕಿರುಗಲ್ಲು ತುಂಬಿದರೆ ಸುಮಾರು 8 ಕಿಲೋ. 10 ಲೀಟರಿನದ್ದು 16 ಕಿಲೋ ಆಗುತ್ತದೆ, ಸಡಿಲ ಗರಸಿನ ಮೇಲೆ ಹೊತ್ತು ನಡೆಯಲಾಗದು.
- ಗಿಡ್ಡ ಹಿಡಿಯ ಮೂರು ಹಲ್ಲಿನ ಕುರ್ಪಿ, ಅಥವಾ ಬಗ್ಗಲಾರದವರಿಗೆ ಉದ್ದ ಹಿಡಿಯ ತೂತಿನ ಸೌಟು.
- ನೀರು ಚಿಮ್ಮಿಸುವ ಬಾಟಲಿ. ಒಣಗಿದ ಕಲ್ಲಿನ ಬಣ್ಣ ಒದ್ದೆಯಾದಾಗ ಮಾತ್ರ ತಿಳಿಯುತ್ತದೆ.
- 10 ಪಟ್ಟು ಹಿಗ್ಗಿಸುವ ಮಸೂರ, ಸಣ್ಣ ಟಾರ್ಚು, ಅಯಸ್ಕಾಂತ, ಉಕ್ಕಿನ ಮೊಳೆ, ಮೆರುಗಿಲ್ಲದ ಟೈಲಿನ ಚೂರು.
- ಜಿಪ್ ಇರುವ ಪ್ಲಾಸ್ಟಿಕ್ ಚೀಲ, ನೀರಿಗೆ ಅಳಿಯದ ಪೆನ್ನು, ಮುಚ್ಚಳವಿರುವ ತಗಡಿನ ಡಬ್ಬಿ.
- ಹಿಮ್ಮಡಿ ಗಂಟು ಮುಚ್ಚುವ, ಅಟ್ಟೆ ಹಿಡಿತವಿರುವ ಬೂಟು, ಕೈಗವಸು, ಮೊಣಕಾಲಿನ ದಿಂಬು, ಸೀಟಿ, ಹಣೆದೀಪ, ಪ್ರಥಮ ಚಿಕಿತ್ಸೆಯ ಪೊಟ್ಟಣ, ನೆಟ್‌ವರ್ಕ್ ಇಲ್ಲದಿದ್ದರೂ ತೆರೆಯುವ ನಕ್ಷೆ.

ನಿಯಮ ಒಪ್ಪುವ ಕಡೆ ಪಳೆಯುಳಿಕೆಗಾಗಿ ಸುತ್ತಿಗೆ ಒಯ್ಯುವುದಾದರೆ ಭೂವಿಜ್ಞಾನದ ಸುತ್ತಿಗೆಯೇ ಇರಲಿ, ಕಣ್ಣಿಗೆ ರಕ್ಷಣಾ ಕನ್ನಡಕವೂ ಇರಲಿ. ಒಂದು ಸುತ್ತಿಗೆಯ ಮೇಲೆ ಇನ್ನೊಂದರಿಂದ ಹೊಡೆಯಬೇಡಿ. ಗಟ್ಟಿ ಉಕ್ಕು ಸಿಡಿದು ಚೂರು ಕಣ್ಣಿಗೆ ಹಾರುತ್ತದೆ. ಅಂದಹಾಗೆ, ಅಗೇಟನ್ನು ಹೊಡೆದು ನೋಡುವ ಅಭ್ಯಾಸ ಬಿಡಿ. ಒಳಗಿನ ಬಿರುಕು ಹಬ್ಬಿ ಚೆಂದದ ತುಣುಕೂ ಹಾಳಾಗುತ್ತದೆ.

6. ದಂಡೆಯಲ್ಲಿ ಹುಡುಕುವ ಕ್ರಮ

ಬಂದ ಕೂಡಲೇ ಇಳಿಯಬೇಡಿ. ಎತ್ತರದಲ್ಲಿ ನಿಂತು 20 ನಿಮಿಷ ಅಲೆ ನೋಡಿ: ಅತಿ ದೊಡ್ಡದು ಎಲ್ಲಿಯ ತನಕ ಬರುತ್ತದೆ, ದಂಡೆಯಲ್ಲಿ ಗರಸಿನ ಪಟ್ಟೆಗಳು ಎಲ್ಲಿವೆ, ಮೇಲೆ ಹತ್ತುವ ದಾರಿಗಳು ಎಷ್ಟು.

ಅಲೆಗಳು ಕಲ್ಲನ್ನು ಅಂದ ನೋಡಿ ವಿಂಗಡಿಸುವುದಿಲ್ಲ, ಗಾತ್ರ ನೋಡಿ ವಿಂಗಡಿಸುತ್ತವೆ. ಇಂಗ್ಲೆಂಡಿನ 29 ಕಿಲೋಮೀಟರ್ ಉದ್ದದ ಚೆಸಿಲ್ ದಂಡೆಯ ವಾಯವ್ಯ ತುದಿಯಲ್ಲಿ ಕಲ್ಲು ಬಟಾಣಿಯಷ್ಟು, ಪೋರ್ಟ್‌ಲೆಂಡ್ ಕಡೆಯ ತುದಿಯಲ್ಲಿ ಆಲೂಗಡ್ಡೆಯಷ್ಟು. (ಆದರೆ ಅಲ್ಲಿ ನೋಡಿ ಬರಬಹುದಷ್ಟೇ, ತರುವಂತಿಲ್ಲ.) ಇದೇ ವಿಂಗಡಣೆ ಸಣ್ಣ ಪ್ರಮಾಣದಲ್ಲಿ ಎಲ್ಲ ದಂಡೆಗಳಲ್ಲೂ ಇದೆ. ಹೆಬ್ಬೆರಳ ಗಾತ್ರದ ಅಗೇಟ್ ಬೇಕಾದರೆ ಹೆಬ್ಬೆರಳ ಗಾತ್ರದ ಗರಸಿನ ಪಟ್ಟೆಯಲ್ಲೇ ಹುಡುಕಿ. ಬರೀ ಮರಳಿನ ಮೇಲೆ ಅಡ್ಡಾಡಿ ಹೊತ್ತು ಕಳೆಯಬೇಡಿ. ಭೂಶಿರದ ಬುಡ, ತೊರೆ ದಂಡೆಯನ್ನು ಸೀಳಿಕೊಂಡು ಹರಿಯುವ ಜಾಗ, ದೊಡ್ಡ ಬಂಡೆಗಳ ಹಿಂಬದಿ, ಹಿಂದಿನ ಉಬ್ಬರದ ಜೊಂಡಿನ ಸಾಲು, ಇವು ಮೊದಲು ನೋಡಬೇಕಾದವು. ಅಂಬರ್ ಹಗುರವಾದ್ದರಿಂದ ಜೊಂಡು, ಕಡ್ಡಿಗಳ ನಡುವೆಯೇ ಸಿಗುತ್ತದೆ.

ನಡೆಯುವ ದಿಕ್ಕು ಬಹಳ ಜನ ಗಮನಿಸದ ಗುಟ್ಟು. ಸೂರ್ಯ ಕೆಳಗಿರುವಾಗ ಅವನಿಗೆ ಎದುರಾಗಿ ನಡೆಯಿರಿ: ಬೆಳಕು ಹಾಯುವ ಅಗೇಟ್, ಅದರದೇ ಜಾತಿಯ ಕೆಂಪು ಕಾರ್ನೀಲಿಯನ್ ಒದ್ದೆ ಗರಸಿನಲ್ಲಿ ಕೆಂಡದ ಹಾಗೆ ಹೊಳೆಯುತ್ತವೆ. ಹಿಂದಿರುಗುವಾಗ ಸೂರ್ಯ ಬೆನ್ನಿಗಿರುತ್ತಾನೆ, ಆಗ ಬೆಳಕು ಹಾಯದ ಜಾಸ್ಪರ್, ಶಿಲೀಭೂತ ಮರದ ಬಣ್ಣ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಇವೆರಡೂ ಆಗುವುದಿಲ್ಲ. ಮೋಡವಿದ್ದರೆ ಟಾರ್ಚನ್ನು ಕಲ್ಲಿಗೆ ತಾಗಿಸಿ ಹಿಡಿದು ಬೆಳಕು ಹಾಯುತ್ತದೆಯೇ ನೋಡಿ.

ಒಳ್ಳೆಯ ಪಟ್ಟೆ ಸಿಕ್ಕಿದರೆ ನಡೆಯುವುದನ್ನು ನಿಲ್ಲಿಸಿ, ಕೂರಿ. ತೋಳಳತೆಯ ಜಾಗವನ್ನು ಎಡದಿಂದ ಬಲಕ್ಕೆ ನೋಡಿ, ಮೇಲಿನ ಒಂದು ಪದರ ಕೆರೆದು ಮತ್ತೆ ನೋಡಿ. ಮಗುಚಿದ ದೊಡ್ಡ ಕಲ್ಲನ್ನು ಮೊದಲಿದ್ದಂತೆಯೇ ಇಡಿ. ಅದರಡಿ ಬದುಕುವ ಜೀವಿಗಳಿಗೆ ಬಿಸಿಲೇ ಸಾವು. ಜೀವಿ ಅಂಟಿಕೊಂಡ ಕಲ್ಲು ತರಬೇಡಿ.

7. ಸಿಕ್ಕಿದ್ದು ಏನು?

ಮೊದಲು ಗಡಸುತನ. ಅಗೇಟ್, ಜಾಸ್ಪರ್, ಬೆಣಚುಕಲ್ಲು ಗಡಸುತನವನ್ನು 1ರಿಂದ 10ರ ತನಕ ಅಳೆಯುವ ಮೋಸ್ ಮಾನದಲ್ಲಿ 6.5ರಿಂದ 7. ಮೊಳೆಯಿಂದ ಗೀಚಿದರೆ ಗೀರು ಬೀಳದೆ ಮೊಳೆಯ ಲೋಹವೇ ಬೂದು ಗೆರೆಯಾಗಿ ಅಂಟುತ್ತದೆ. ಬೆರಳಿಂದ ಒರೆಸಿ ನೋಡಿ, ಇದನ್ನೇ ಗೀರು ಎಂದುಕೊಂಡು ಒಳ್ಳೆಯ ಅಗೇಟ್ ಎಸೆದವರಿದ್ದಾರೆ. ಕ್ಯಾಲ್ಸೈಟ್ 3 ಮಾತ್ರ, ಸುಲಭವಾಗಿ ಗೀರು ಬೀಳುತ್ತದೆ. ಕಡಲು ಉಜ್ಜಿದ ಬಾಟಲಿ ಗಾಜು ಅಗೇಟಿನಂತೆಯೇ ಕಂಡರೂ ಸುಮಾರು 5.5, ಮಸೂರದಲ್ಲಿ ದುಂಡನೆಯ ಗಾಳಿಗುಳ್ಳೆ ಕಂಡರೆ ಗಾಜು, ಪದರಗೆರೆ ಕಂಡರೆ ಅಗೇಟ್.

ಹೊಳಪಿನ ಕಪ್ಪು, ಹಗುರ ತುಣುಕನ್ನು ಟೈಲಿನ ಮೇಲೆ ಉಜ್ಜಿ: ಕಂದು ಗೆರೆಯಾದರೆ ಜೆಟ್ (ಹಳೆಯ ಮರದಿಂದಾದ ಕಪ್ಪು ಒಡವೆಕಲ್ಲು), ಕಪ್ಪಾದರೆ ಕಲ್ಲಿದ್ದಲು. ಅಯಸ್ಕಾಂತಕ್ಕೆ ಅಂಟಿದ ಮಾತ್ರಕ್ಕೆ ಉಲ್ಕೆಯಲ್ಲ, ಕುಲುಮೆಯ ಕಿಟ್ಟವೂ ಬಸಾಲ್ಟೂ ಅಂಟುತ್ತವೆ. ಅಂಬರಿಗೆ ಉಪ್ಪುನೀರಿನ ಪರೀಕ್ಷೆ: 250 ಮಿಲಿಲೀಟರ್ ನೀರಿಗೆ 50 ಗ್ರಾಂ ಉಪ್ಪು ಕರಗಿಸಿ ಹಾಕಿದರೆ ಅಂಬರ್ ತೇಲುತ್ತದೆ, ಗಾಜು, ಕಲ್ಲು ಮುಳುಗುತ್ತವೆ. ಕೆಲವು ಪ್ಲಾಸ್ಟಿಕ್ ಕೂಡ ತೇಲುವುದರಿಂದ ತೇಲಿದ್ದೆಲ್ಲ ಅಂಬರಲ್ಲ.

ಬಾಲ್ಟಿಕ್ ತೀರದಲ್ಲಿ ಅಂಬರ್ ಆಯುವವರು ಒಂದು ಮಾತು ಮರೆಯಬಾರದು. ಎರಡನೇ ಮಹಾಯುದ್ಧದ ಬೆಂಕಿಬಾಂಬುಗಳ ಬಿಳಿ ರಂಜಕದ ತುಣುಕುಗಳು ಜರ್ಮನಿಯ ಉಸೆಡೊಮ್‌ನಂಥ ದಂಡೆಗಳಲ್ಲಿ ಇಂದಿಗೂ ಸಿಗುತ್ತವೆ, ನೋಡಲು ಥೇಟ್ ಅಂಬರ್. ನೀರಿನಲ್ಲಿದ್ದಾಗ ತಣ್ಣಗಿರುತ್ತವೆ. ಜೇಬಿನಲ್ಲಿ ಒಣಗಿ ಮೈಯ ಬಿಸಿ ತಾಗಿದಾಗ ತಾವಾಗಿ ಹೊತ್ತಿಕೊಂಡು ಆಳದ ಸುಟ್ಟಗಾಯ ಮಾಡುತ್ತವೆ. ಆಯ್ದದ್ದನ್ನು ಜೇಬಿಗೆ ಹಾಕದೆ ತಗಡಿನ ಡಬ್ಬಿಗೆ ಹಾಕಿ, ಪೂರ್ತಿ ಒಣಗುವ ತನಕ ಮೈಯಿಂದ ದೂರವಿಡಿ. ತುಕ್ಕು ಹಿಡಿದ ಲೋಹದ ಕೊಳವೆಯಂಥದ್ದು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿ.

8. ಜೀವ ತೆಗೆಯುವ ತಪ್ಪುಗಳು

ಕಲ್ಲು ನೋಡುವವರ ಕಣ್ಣು ನೆಲದಲ್ಲಿರುತ್ತದೆ, ಬೆನ್ನು ಕಡಲಿಗಿರುತ್ತದೆ. ಹತ್ತಾರು ನಿಮಿಷ ಸಣ್ಣ ಅಲೆಗಳ ನಂತರ ಒಮ್ಮೆಲೇ ದೂರದ ತನಕ ನುಗ್ಗುವ ಅಲೆ ಅಂಥವರನ್ನೇ ಎಳೆದೊಯ್ಯುವುದು. ಮುನ್ಸೂಚನೆಯಲ್ಲಿ ಅಲೆಯ ಎತ್ತರದ ಜೊತೆ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಿ: ಅದೇ 2 ಮೀಟರ್ ಅಲೆ 8 ಸೆಕೆಂಡಿಗೊಮ್ಮೆ ಬಂದರೆ ಬೇರೆ, 16 ಸೆಕೆಂಡಿಗೊಮ್ಮೆ ಬಂದರೆ ಬೇರೆ. ಎರಡನೆಯದು ದಂಡೆಯ ಮೇಲೆ ಬಹಳ ಒಳಗೆ ಏರುತ್ತದೆ. ಇಬ್ಬರು ಹೋದರೆ ಒಬ್ಬರು ಹುಡುಕುವಾಗ ಇನ್ನೊಬ್ಬರ ಕಣ್ಣು ನೀರಿನ ಮೇಲಿರಲಿ.

ನೀರಂಚಿನಲ್ಲಿ ಬಿದ್ದ ಮರದ ದಿಮ್ಮಿಗಳ ಮೇಲೆ ಹತ್ತಬೇಡಿ. ಕೆಲವೇ ಸೆಂಟಿಮೀಟರ್ ನೀರು ಸಾಕು, ಟನ್ ತೂಕದ ದಿಮ್ಮಿ ಉರುಳಿ ಮೇಲೆ ಬೀಳುತ್ತದೆ. ಕಡಿಬಂಡೆಯ ಬುಡ ಪಳೆಯುಳಿಕೆಗೆ ಹೇಳಿಮಾಡಿಸಿದ ಜಾಗ ನಿಜ, ಕುಸಿಯುವುದೂ ಅಲ್ಲೇ, ಅದರಲ್ಲೂ ಮಳೆಯ ನಂತರ, ಹಿಮ ಕರಗುವಾಗ. ಸಣ್ಣ ಕಲ್ಲುಗಳು ಉದುರುವ ಸದ್ದು ಕೇಳಿದರೆ ಕಡಲಿನ ಕಡೆಗೆ ಸರಿಯಿರಿ. ಹೊಸದಾಗಿ ಕುಸಿದ ಮಣ್ಣಿನ ಗುಡ್ಡೆ ಹತ್ತಿದರೆ ಸೊಂಟದವರೆಗೆ ಹೂತುಹೋಗಬಹುದು. ಅದರೊಳಗಿನ ಪಳೆಯುಳಿಕೆಯನ್ನೆಲ್ಲ ಕೆಲವು ಉಬ್ಬರಗಳು ತೊಳೆದು ಕೆಳಗಿನ ದಂಡೆಗೆ ಹೇಗೂ ಹರವುತ್ತವೆ, ಅಲ್ಲೇ ಆಯ್ದುಕೊಳ್ಳಿ. ನೆಲ ಬಲವಾಗಿ ನಡುಗಿದರೆ ಸುನಾಮಿ ಬರಬಹುದು, ಬಕೆಟ್ ಬಿಟ್ಟು ಎತ್ತರಕ್ಕೆ ಓಡಿ.

ಹೊರಡುವ ಮುನ್ನ ಯಾವ ದಂಡೆ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ದಡದಲ್ಲಿರುವ ಒಬ್ಬರಿಗೆ ತಿಳಿಸಿರಬೇಕು.

9. ಆರಿಸಿ, ತೊಳೆದು, ಗುರುತು ಹಾಕಿ

ದಂಡೆ ಬಿಡುವ ಮುಂಚೆ ಬಕೆಟ್ ಸುರಿದು ಅರ್ಧಕ್ಕಿಂತ ಹೆಚ್ಚನ್ನು ಅಲ್ಲೇ ಬಿಡಿ. ಒದ್ದೆಯಲ್ಲಿ ಹೊಳೆದದ್ದು ಒಣಗಿದ ಮೇಲೆ ಮಂಕಾಗುವುದು ಸಹಜ, ಹಾಗಾಗಿ ಆರಿಸುವ ಮುನ್ನ ಹತ್ತು ನಿಮಿಷ ಒಣಗಲು ಬಿಡಿ. ವಿಮಾನದಲ್ಲಿ ಮರಳುವವರು ತೂಕದ ಮಿತಿ ನೆನಪಿಡಿ. ಸುತ್ತಿಗೆ ಕೈಚೀಲದಲ್ಲಿ ಹೋಗುವುದಿಲ್ಲ. ಮಣ್ಣು ಅಂಟಿದ ಕಲ್ಲನ್ನು ಹಲವು ದೇಶಗಳ ಗಡಿಯಲ್ಲಿ ತಡೆಯುತ್ತಾರೆ.

ಸಿಕ್ಕ ದಿನವೇ ಪ್ರತಿ ಚೀಲದೊಳಗೆ ಒಂದು ಚೀಟಿ ಹಾಕಿ: ದಿನಾಂಕ, ದಂಡೆ, ಅಕ್ಷಾಂಶ ರೇಖಾಂಶ, ದಂಡೆಯ ಯಾವ ಭಾಗ, ಆವತ್ತಿನ ಇಳಿತದ ಮಟ್ಟ. ಮುಂದಿನ ಪ್ರವಾಸದ ದಿನಾಂಕ ಆರಿಸುವಾಗ ಈ ಕೊನೆಯ ಅಂಕಿಯೇ ಎಲ್ಲಕ್ಕಿಂತ ಉಪಯೋಗಕ್ಕೆ ಬರುತ್ತದೆ.

ಮನೆಯಲ್ಲಿ ಸಿಹಿನೀರಿನಲ್ಲಿ ಎರಡು ದಿನ ನೆನೆಹಾಕಿ, ದಿನಕ್ಕೆರಡು ಬಾರಿ ನೀರು ಬದಲಿಸಿ. ಹಾಗೆ ಮಾಡದಿದ್ದರೆ ಸಂದುಗಳಲ್ಲಿ ಉಳಿದ ಉಪ್ಪು ಹರಳುಗಟ್ಟಿ ಬಿಳಿ ಪುಡಿಯಾಗಿ ಹೊರಬರುತ್ತದೆ, ಮೆತ್ತನೆಯ ಪಳೆಯುಳಿಕೆಯನ್ನು ಸೀಳಿಯೂ ಹಾಕುತ್ತದೆ. ಪೈರೈಟ್ ಎಂಬ ಕಬ್ಬಿಣ, ಗಂಧಕದ ಖನಿಜವಾಗಿ ಮಾರ್ಪಟ್ಟ ಅಮೋನೈಟಿಗೆ ತೇವವೇ ಶತ್ರು. ಉಪ್ಪು ತೆಗೆದು, ಚೆನ್ನಾಗಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿಯಾದ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ಕೆಲವು ವರ್ಷಗಳಲ್ಲಿ ಬೂದಿಯಂತೆ ಉದುರುತ್ತದೆ. ಅಂಬರಿಗೆ ಸಾರಾಯಿ, ಅಸಿಟೋನ್ ತಾಗಿಸಬೇಡಿ, ಮೈ ಮಂಕಾಗಿ ಅಂಟಂಟಾಗುತ್ತದೆ. ಅಗೇಟಿನ ತುಕ್ಕುಕಲೆಗೆ ಆಕ್ಸಾಲಿಕ್ ಆಮ್ಲ ಕೆಲಸ ಮಾಡುತ್ತದೆ, ಆದರೆ ಅದು ವಿಷ: ಕೈಗವಸು ಹಾಕಿ, ಗಾಳಿಯಾಡುವಲ್ಲಿ, ಅಡುಗೆಗೆ ಬಳಸದ ಪ್ಲಾಸ್ಟಿಕ್ ಪಾತ್ರೆಯಲ್ಲಿ ಮಾಡಿ. ಯಾವ ಆಮ್ಲವನ್ನೂ ಬ್ಲೀಚಿನ ಜೊತೆ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಸುಣ್ಣಕಲ್ಲಿನ ಪಳೆಯುಳಿಕೆಯನ್ನು ಆಮ್ಲಕ್ಕೆ ಹಾಕಿದರೆ ಕಲೆಯ ಜೊತೆ ಪಳೆಯುಳಿಕೆಯೂ ಕರಗಿಹೋಗುತ್ತದೆ. ಅದಕ್ಕೆ ಹಲ್ಲುಜ್ಜುವ ಹಳೆಯ ಬ್ರಷ್ಷು, ಬರೀ ನೀರು ಸಾಕು.